ಪದಚರ್ಚೆ: ಸ್ಟೋಕ್‌ನ ‘ಪಾಟರ್ಸ್’ ಅಂದರೆ ಕುಂಬಾರರೇ?

ಪ್ರಶ್ನೆ: ಇಂಗ್ಲೆಂಡಿನ ಸ್ಟೋಕ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಮೊದಲ ದಿನಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರಬೇಕಿದೆ. ಅಡ್ಡಹೆಸರು ‘ಪಾಟರ್ಸ್’. ‘ಕುಂಬಾರರು’ ಅಂದರೆ ನಡೆದೀತೇ? ಅಲ್ಲಿ ಪಿಂಗಾಣಿ ಸುಡಲು ಬಳಸುತ್ತಿದ್ದ ‘ಬಾಟಲ್ ಅವನ್’, ‘ಸ್ಯಾಗರ್’ಗಳಿಗೆ ನಮ್ಮಲ್ಲಿ ಪದವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ‘ಕುಂಬಾರರು’ ಬೇಡ ಸರ್. ನಮ್ಮ ಕುಂಬಾರರ ಮನೆಯಲ್ಲಿ ಮಣ್ಣು ತುಳಿಯುವುದರಿಂದ ‘ಆವಿಗೆ’ (ಮಡಕೆ ಸುಡುವ ಒಟ್ಟಲು) ಇಳಿಸುವವರೆಗೂ ಕೆಲಸ ಮನೆಮಂದಿಯದೇ. ಸ್ಟೋಕ್‌ನದು ಕಾರ್ಖಾನೆ: ಅಚ್ಚಿನವನು ಬೇರೆ, ಹಿಡಿ ಅಂಟಿಸುವವರು ಬೇರೆ, ಮೆರುಗಿನಲ್ಲಿ ಅದ್ದುವವರು ಬೇರೆ, ಗೂಡು ತುಂಬುವವರು ಬೇರೆ. ಅಡ್ಡಹೆಸರನ್ನು ‘ಪಾಟರ್ಸ್’ ಎಂದೇ ಉಳಿಸಿ, ಕಸುಬಿಗೆ ‘ಪಿಂಗಾಣಿ ಉದ್ಯಮ’ ಅನ್ನಿ. ‘ಪಾಟರೀಸ್’ ಅಂತ ಬಂದರೆ ಅದು ಸಾಮಾನ್ಯವಾಗಿ ಟನ್‌ಸ್ಟಲ್, ಬರ್ಸ್ಲಂ, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳ ಸೀಮೆಯ ಹೆಸರು.

ಇನ್ನೊಂದು ಮಾತು. ಕ್ಲಬ್ ಹುಟ್ಟಿಸಿದವರು ಪಿಂಗಾಣಿ ಕೆಲಸಗಾರರಲ್ಲ. ಕ್ಲಬ್ ಹೇಳಿಕೊಳ್ಳುವ ವರ್ಷ 1863. ದಾಖಲೆಯಲ್ಲಿ ಸಿಗುವ ಮೊದಲ ಪಂದ್ಯ 1868ರದು. ಆಗ ಹೆಸರು ಸ್ಟೋಕ್ ರ‍್ಯಾಂಬ್ಲರ್ಸ್. ಮುಂದೆ ನಿಂತವನು ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ ನಾರ್ತ್ ಸ್ಟಾಫರ್ಡ್‌ಶೈರ್ ರೈಲ್ವೆಗೆ ಕೆಲಸ ಕಲಿಯಲು ಬಂದ ಹೆನ್ರಿ ಆಲ್ಮಂಡ್. 1888ರಲ್ಲಿ ಶುರುವಾದ ಫುಟ್‌ಬಾಲ್ ಲೀಗ್‌ನ ಸ್ಥಾಪಕ ಕ್ಲಬ್‌ಗಳ ಪಟ್ಟಿಯಲ್ಲಿ ‘ಸ್ಟೋಕ್’ ಅಂತಷ್ಟೇ ಬರೆಯಿರಿ. ಆರು ಊರುಗಳು ಒಂದಾದದ್ದು 1910ರಲ್ಲಿ, ನಗರದ ಪಟ್ಟ ಸಿಕ್ಕಿದ್ದು 1925ರಲ್ಲಿ. ‘ಸಿಟಿ’ ಸೇರಿದ್ದು ಆಮೇಲೆ. ಮೊದಲೆರಡು ಲೀಗ್ ಋತುಗಳಲ್ಲೂ ತಂಡ ಕಟ್ಟಕಡೆಗೆ ನಿಂತಿತ್ತು, ಅದನ್ನು ಬಿಡಬೇಡಿ. ನೆರೆಯ ಕ್ಲಬ್ ಪೋರ್ಟ್ ವೇಲ್‌ನ ಹೆಸರು ಬಂದರೆ, 1884ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ‘ಬರ್ಸ್ಲಂ ಪೋರ್ಟ್ ವೇಲ್’.

ಉತ್ತರ 2: ‘ಬಾಟಲ್ ಅವನ್’ಗೆ ‘ಆವಿಗೆ’ ಒಪ್ಪುವುದಿಲ್ಲ. ಆವಿಗೆಯಲ್ಲಿ ಮಡಕೆ, ಸೌದೆ, ಹುಲ್ಲು ಒಟ್ಟಿಗೇ ಇರುತ್ತವೆ. ಉರಿ ಮಡಕೆಗೆ ತಾಗುತ್ತದೆ. ಬಾಟಲ್ ಅವನ್‌ನಲ್ಲಾದರೆ ಕಲ್ಲಿದ್ದಲು ಸುತ್ತಲಿನ ಒಲೆಬಾಯಿಗಳಲ್ಲಿ ಉರಿಯುತ್ತಿತ್ತು, ಒಳಗೆ ಪಾತ್ರೆ, ಹೊರಗೆ ಹೊಗೆ ಎಳೆಯುವ ಸೀಸೆಯಾಕಾರದ ಇಟ್ಟಿಗೆ ಗೋಡೆ. ಇಟ್ಟಿಗೆ ಗೂಡು, ಸುಣ್ಣದ ಗೂಡು ಅನ್ನುವ ಹಾಗೆ ‘ಸೀಸೆಗೂಡು’ ಅನ್ನಬಹುದು.

ಸ್ಯಾಗರ್ ಅಂದರೆ ಬೆಂಕಿ ತಾಳುವ ಒರಟು ಮಣ್ಣಿನ ಡಬ್ಬಿ. ಹಳೆಯ ಒಡೆದ ಸ್ಯಾಗರ್‌ಗಳನ್ನೂ ಪುಡಿ ಮಾಡಿ ಆ ಮಣ್ಣಿಗೆ ಬೆರೆಸುತ್ತಿದ್ದರು. ಇಲ್ಲವಾದರೆ ಒಣಗುವಾಗಲೇ ಬಿರುಕು. ಪಾತ್ರೆಯನ್ನು ಇದರೊಳಗಿಟ್ಟು ಒಂದರ ಮೇಲೊಂದು ಪೇರಿಸಿ, ನಡುವೆ ಹಸಿಮಣ್ಣಿನ ಹುರಿ ಒತ್ತುತ್ತಿದ್ದರು. ಹುರಿ ಸಡಿಲಾದರೆ ಹೊಗೆ ನುಗ್ಗಿ ಮೆರುಗು ಕಲೆಯಾಗುತ್ತದೆ. ಮೆರುಗು ಹಚ್ಚಿದ ತಟ್ಟೆಗಳು ಒಂದಕ್ಕೊಂದು ತಾಗಿದರೆ ಅಂಟಿಕೊಂಡೇ ಹೊರಬರುತ್ತವೆ, ಅದಕ್ಕೇ ನಡುವೆ ಮೂರು ಮೊನೆಯ ಪುಟ್ಟ ಮಣ್ಣಿನ ಆಸರೆಗಳು. ನಮ್ಮ ಕುಂಬಾರರಲ್ಲಿ ಈ ಪದ್ಧತಿ ರೂಢಿಯಲ್ಲಿಲ್ಲದ ಕಾರಣ ‘ಸ್ಯಾಗರ್’ ಎಂದೇ ಇಟ್ಟು ಒಂದು ಸಲ ವಿವರಿಸಿದರೆ ಸಾಕು. ‘ಪೆಟ್ಟಿಗೆ’ ಅಂದರೆ ಓದುಗರಿಗೆ ಮರದ್ದು ಕಾಣುತ್ತದೆ.

ಪ್ರಶ್ನೆ: ಇಬ್ಬರಿಗೂ ವಂದನೆ. ‘ಸ್ಯಾಗರ್ ಮೇಕರ್ಸ್ ಬಾಟಮ್ ನಾಕರ್’ ಅಂತಲೂ ಒಂದಿದೆ. ತಮಾಷೆಯೋ?

ಉತ್ತರ 2: ನಿಜವಾದ ಕೆಲಸವೇ. ಕಬ್ಬಿಣದ ಬಳೆಯೊಳಗೆ ಮಣ್ಣು ತುಂಬಿ ಮರದ ಕೊಡತಿಯಿಂದ ಬಡಿದು ಸ್ಯಾಗರ್‌ನ ತಳ ಮಾಡಿಕೊಡುತ್ತಿದ್ದವನು, ಹೆಚ್ಚಾಗಿ ಹುಡುಗ. ಗೋಡೆಯನ್ನು ಮರದ ಅಚ್ಚಿಗೆ ಸುತ್ತಿ ಆ ತಳಕ್ಕೆ ಕೂಡಿಸುವುದು ‘ಸ್ಯಾಗರ್ ಮೇಕರ್’ ಎಂಬ ಮೇಸ್ತ್ರಿಯ ಪಾಲಾಗಿತ್ತು. ‘ತಳ ಬಡಿಯುವವನು’ ಅನ್ನಿ. ಅಲ್ಲಿನವರಿಗೂ ಆ ಹೆಸರು ಕೇಳಿದರೆ ನಗು.