ಸಹಾಯ ಬೇಕು: ಅವ್ವಗ ಆಗಿಬರುವಂಥ ಸಮುದ್ರದ ದಂಡಿ ಹೋಟೆಲ್

ಎಲ್ಲಾರಿಗೂ ನಮಸ್ಕಾರ ರೀ. ನಾನು ಧಾರವಾಡದಾಕಿ. ದೀಪಾವಳಿ ಮುಗದ ಮ್ಯಾಲೆ ಅಪ್ಪ-ಅವ್ವನ್ನ ಎರಡು ದಿನ ಸಮುದ್ರದ ಕಡೆ ಕರಕೊಂಡು ಹೋಗಬೇಕಂತೀನಿ. ಅವ್ವಗ ಮೊಣಕಾಲು ನೋವು, ಪಾವಟಿಗಿ ಹತ್ತಾಕ ಆಗೂದಿಲ್ಲ.

ಹೋದ ವರ್ಷ ಒಂದು ಹಳೇ ರೆಸಾರ್ಟಿಗೆ ಹೋಗಿದ್ವಿ. ಫೋಟೋದಾಗ ಭಾಳ ಚಂದ ಇತ್ತು. ಹೋಗಿ ನೋಡಿದ್ರ ಲಿಫ್ಟ್ ಬಂದ್, ರೂಮ್ ಎರಡನೇ ಮಹಡ್ಯಾಗ. ಕಿಡಕಿ ತಗಿಯಾಕ ಹೋದ್ರ ಜಂಗ್ ತಿಂದ ಚಿಲಕ ಕೈಯಾಗ ಬಂತು. ಗಾದಿ ಹಸಿ ಹಸಿ, ನಳದಾಗ ಉಪ್ಪುನೀರು. ಉಪ್ಪುಗಾಳಿಗೆ ಕಬ್ಬಿಣ ಬಾಳಿಕಿ ಬರೂದಿಲ್ಲ, ಒಪ್ಪತೀನಿ. ಆದ್ರ ರೊಕ್ಕ ತಗೊಂಡ ಮ್ಯಾಲೆ ರಿಪೇರಿ ಮಾಡಸಬೇಕಲ್ರೀ! ಅಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ರು ಮಾತ್ರ ಪುಣ್ಯಾತ್ಮರು. ಅವ್ವನ ಕಾಲು ನೋಡಿ, ಕೇಳದೇ ಬಾಲ್ಕನಿಗೆ ಒಂದು ಬಕೀಟು ಬಿಸಿನೀರು ತಂದಿಟ್ರು. ಅವ್ವ ಅದರಾಗ ಕಾಲಿಟ್ಕೊಂಡು ಕತ್ತಲಾಗೂತನಾ ಸಮುದ್ರ ನೋಡ್ಕೋತ ಕುಂತಿದ್ಲು. ಈಗ "ಮತ್ತ ಯಾವಾಗ ಹೋಗೂದು" ಅಂತ ದಿನಾ ಕೇಳಾಕತ್ತಾಳ.

ಹುಬ್ಬಳ್ಳಿಯಿಂದ ಅಂಕೋಲಾಕ್ಕ ಸುಮಾರು 130 ಕಿ.ಮೀ. ಆಗತದ. ಅರಬೈಲ್ ಘಟ್ಟದ ತಿರುವಿನಾಗ ಅಪ್ಪಗ ತಲಿ ತಿರುಗತದ, ಅದಕ್ಕ ಅಂಕೋಲಾ, ಕಾರವಾರ, ಗೋಕರ್ಣ ಬಿಟ್ಟು ದೂರ ಬ್ಯಾಡ.

ಕೆಳಗಿನ ರೂಮ್, ಕುರ್ಚಿ ಕಮೋಡ್, ಬಾತ್‌ರೂಮಿನಾಗ ಹಿಡಕೊಳ್ಳಾಕ ಹಿಡಿಕಿ, ಉಸುಕಿನ ತನಕ ಪಾವಟಿಗಿ ಇಲ್ಲದ ದಾರಿ ಇರೂ ಹೋಟೆಲ್ ಯಾವುದರೆ ಅದಾವೇನ್ರಿ? ಹಳೇದಾದ್ರೂ ನಡೀತದ, ಸ್ವಚ್ಛ ಇರಬೇಕು. ಈ ಆರು ತಿಂಗಳೊಳಗ ಉಳಕೊಂಡು ಬಂದವರು ದಯಮಾಡಿ ಹೇಳ್ರಿ. ಬಾತ್‌ರೂಮಿನ ಫೋಟೋ ಇದ್ರ ಅದನ್ನೂ ಹಾಕ್ರಿ.