ನಾಲಿಗೆ ನೋಡಿ ಹೊಟ್ಟೆ ಕಾಯಿಲೆ ಹೇಳೋದು: ನಂಬಬಹುದಾ?

ತೋಟದಮನೆ, ಮಾದಾಪುರ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ನನಗೆ ಹೊಟ್ಟೆ ಉಬ್ಬರ. ಎರಡು ಕಡುಂಬುಟ್ಟು ತಿಂದರೆ ಸಾಕು, ಎದೆವರೆಗೆ ತುಂಬಿದ ಹಾಗೆ. ಸಂಜೆಯಾದರೆ ಹುಳಿತೇಗು. ವಯಸ್ಸು 47. ಗ್ಯಾಸ್ ಮಾತ್ರೆ ನುಂಗಿದ ದಿನ ಪರವಾಗಿಲ್ಲ, ಬಿಟ್ಟ ದಿನ ಮತ್ತೆ ಅದೇ ಕತೆ.

ಹೋದ ವಾರ ನಾದಿನಿ ಮೈಸೂರಲ್ಲಿ ಚೀನೀ ವೈದ್ಯ ಮಾಡುವ ಒಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಚೀನಾದವರಲ್ಲ, ನಮ್ಮ ಕಡೆಯವರೇ. ಹೊಟ್ಟೆ ಮುಟ್ಟಲೂ ಇಲ್ಲ, ಮೊದಲು "ನಾಲಿಗೆ ಚಾಚಿ" ಅಂದರು. ಕಿಟಕಿ ಹತ್ತಿರ ಕೂರಿಸಿ ನೋಡಿದರು. ಆಮೇಲೆ ಎರಡೂ ಕೈಯ ನಾಡಿ, ಮೂರು ಬೆರಳಿಟ್ಟು, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಿದರು. "ಹಳದಿ ಪದರ ಇದೆ. ಒಳಗೆ ತೇವ, ಉಷ್ಣ ಎರಡೂ ಸೇರಿವೆ" ಅಂತ ಹೇಳಿ ಕಂದು ಪುಡಿಯ 15 ಪೊಟ್ಟಣ ಕೊಟ್ಟರು. ಪೊಟ್ಟಣದ ಮೇಲೆ ಹೆಸರಿಲ್ಲ, ಏನೂ ಇಲ್ಲ.

ನಮ್ಮ ಯಜಮಾನರು "ತೇವ ಇರೋದು ಮನೆ ಗೋಡೆಯಲ್ಲಿ, ನಿನ್ನ ಹೊಟ್ಟೆಯಲ್ಲಲ್ಲ" ಅಂತ ನಗ್ತಾರೆ. ಪುಡಿ ಇನ್ನೂ ಬಿಚ್ಚಿಲ್ಲ. ತಗೊಳ್ಳಲಾ?

ವಿರಾಜಪೇಟೆಯವ:
ಅಕ್ಕಾ, ಮೊದಲು ಒಂದು ಹೇಳಿ. ಆವತ್ತು ಬೆಳಿಗ್ಗೆ ಕಾಫಿ ಕುಡಿದು ಹೋಗಿದ್ರಾ?

ತೋಟದಮನೆ, ಮಾದಾಪುರ:
ಕುಡಿಯದೆ ಹೊರಡೋಕಾಗುತ್ತಾ? ಮನೆಯಲ್ಲಿ ಒಂದು ಲೋಟ, ಹುಣಸೂರಲ್ಲಿ ಬಸ್ ನಿಂತಾಗ ಇನ್ನೊಂದು. ಯಾಕೆ?

ವಿರಾಜಪೇಟೆಯವ:
ಹಾಗಾದರೆ ಆ ಹಳದಿಯಲ್ಲಿ ಅರ್ಧ ಹುಣಸೂರಿನ ಕಾಫಿದೇ ಇರಬಹುದು!

ನಾನು ಪೀಠೋಪಕರಣದ ವ್ಯಾಪಾರಕ್ಕೆ ಅಂತ ನಾಲ್ಕು ವರ್ಷ ಗುವಾಂಗ್‌ಝೌನಲ್ಲಿದ್ದೆ. ಅಲ್ಲಿನ ಎಣ್ಣೆ ಊಟ ತಿಂದು ಹೊಟ್ಟೆ ಕೆಡಿಸಿಕೊಂಡು ಇಂಥ ವೈದ್ಯರ ಹತ್ತಿರ ಹೋಗಿದ್ದೆ. ಬರುವ ಮೊದಲು ಕಾಫಿ ಕುಡಿಯಬೇಡಿ, ನಾಲಿಗೆ ಉಜ್ಜಬೇಡಿ ಅಂತ ಹೇಳೇ ಕಳಿಸ್ತಿದ್ದರು. ಬಣ್ಣ ಹಿಡಿದರೆ ಅಥವಾ ಪದರ ಕೆರೆದು ಹೋದರೆ ಅವರ ಲೆಕ್ಕ ತಪ್ಪುತ್ತೆ.

ಲೆಕ್ಕ ಹೀಗಿದೆ. ಬಿಳಿ ದಪ್ಪ ಜಿಡ್ಡಿನ ಪದರ ಇದ್ದರೆ ತೇವ. ಹಳದಿ ಆದರೆ ಉಷ್ಣ. ನಾಲಿಗೆ ಅಂಚಲ್ಲಿ ಹಲ್ಲಿನ ಗುರುತು ಬಿದ್ದಿದ್ದರೆ 'ಸ್ಪ್ಲೀನ್' (ಗುಲ್ಮ) ಸೋತಿದೆ ಅಂತ. ಇದು ಸರ್ಜನ್ ಹೇಳುವ ಸ್ಪ್ಲೀನ್ ಅಲ್ಲ, ಸುಮ್ನೆ ಗಾಬರಿ ಬೀಳಬೇಡಿ. ತಿಂದದ್ದನ್ನು ಅರಗಿಸಿ ಮೈಗೆ ಹಂಚುವ ಶಕ್ತಿಗೆ ಅವರು ಇಟ್ಟ ಹೆಸರು ಅದು. ಅದಕ್ಕೆ ತೇವ ಆಗಿಬರಲ್ಲ ಅಂತಾರೆ. ನಾಡಿಯಲ್ಲೂ ಬಲಗೈಯ ನಡುಬೆರಳು ಇಡುವ ಜಾಗ ಹೊಟ್ಟೆ, ಸ್ಪ್ಲೀನ್‌ದು. ಎಡಗೈಯಲ್ಲಿ ಅದೇ ಜಾಗ ಲಿವರ್‌ದು. ಚಿಂತೆ, ಸಿಟ್ಟು ಜಾಸ್ತಿಯಾದರೆ ಲಿವರ್ ಹೋಗಿ ಹೊಟ್ಟೆ ಮೇಲೆ ಏರುತ್ತೆ ಅನ್ನೋದು ಅವರ ಮಾತು. ಕಾಳುಮೆಣಸಿನ ರೇಟು ಬಿದ್ದ ವಾರ ನನಗೂ ಹಾಗೇ ಅನಿಸಿದೆ, ಬಿಡಿ.

ಆದರೆ ನೋಡುವುದು, ನಾಡಿ ಹಿಡಿಯುವುದು ಇಷ್ಟಕ್ಕೇ ಮುಗಿಯಲ್ಲ. ಕೇಳಿ ತಿಳಿಯಬೇಕು, ದನಿ ಮತ್ತು ವಾಸನೆ ಗಮನಿಸಬೇಕು. ನನ್ನನ್ನು ಅರ್ಧ ಗಂಟೆ ಕೇಳಿದ್ದರು: ಬಿಸಿನೀರು ಹಿತವೋ ತಣ್ಣೀರೋ? ಹೊಟ್ಟೆ ಒತ್ತಿದರೆ ಹಾಯೆನಿಸುತ್ತೋ ನೋಯುತ್ತೋ? ಹಾಯೆನಿಸಿದರೆ ಶಕ್ತಿ ಕಮ್ಮಿ, ನೋಯುತ್ತೆ ಅಂದರೆ ಏನೋ ಕಟ್ಟಿಕೊಂಡಿದೆ ಅಂತ. ಹೊಟ್ಟೆ ತುಂಬಿ ಹುಳಿತೇಗು ಬಂದರೆ 'ತಿಂದದ್ದು ನಿಂತಿದೆ' ಅಂತಾರೆ. ಅದಕ್ಕೆ ಬಾವ್ ಹೆ ವಾನ್ ಅನ್ನೋ ಹಳೇ ಗುಳಿಗೆ ಇದೆ. ಅದರಲ್ಲಿ ಹಾಥಾರ್ನ್ ಹಣ್ಣು, ಮೂಲಂಗಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಎಲ್ಲ ಇರುತ್ತೆ. ನಿಮಗೆ ಇಷ್ಟೆಲ್ಲ ಕೇಳಿದ್ರಾ?

ತೋಟದಮನೆ, ಮಾದಾಪುರ:
ಇಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಮುಗೀತು.

ಕುಶಾಲನಗರದ ಸಿಸ್ಟರ್:
ಮೇಡಂ, ನಾಲಿಗೆ ವಿಷಯ ಹಾಗಿರಲಿ. ಹೆಸರಿಲ್ಲದ ಪುಡಿ ದಯವಿಟ್ಟು ಬಿಚ್ಚಬೇಡಿ.

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋಕೆ ಕೊಟ್ಟ ಚೀನೀ ಗಿಡಮೂಲಿಕೆಯಲ್ಲಿ ಒಂದು ಬೇರಿನ ಬದಲು ಇನ್ನೊಂದು ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಕೆಟ್ಟಿತು. ಆ ಇನ್ನೊಂದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇತ್ತು, ಅದರಿಂದ ಕ್ಯಾನ್ಸರ್ ಕೂಡ ಬರುತ್ತೆ. ಅಷ್ಟು ದೂರ ಯಾಕೆ, ಅತಿಮಧುರ ದಿನಾ ಜಾಸ್ತಿ ತಗೊಂಡರೂ ಬಿಪಿ ಏರುತ್ತೆ. ಒಳಗೇನಿದೆ ಅಂತ ಬರೆದುಕೊಡಿ ಅಂತ ಅವರನ್ನೇ ಕೇಳಿ. ಕೊಡದಿದ್ದರೆ ಅಲ್ಲಿಗೆ ಮುಗೀತು.

ಬೈಲುಕುಪ್ಪೆಯ ಟಿಬೆಟನ್ ವೈದ್ಯರ ಹತ್ತಿರವೂ ನಮ್ಮ ಕಡೆಯವರು ಹೋಗ್ತಾರೆ. ಎರಡೂ ಒಂದೇ ಅಂದುಕೊಳ್ಳುವವರು ಇದ್ದಾರೆ, ಅಲ್ಲ. ಅವರೂ ನಾಡಿ, ನಾಲಿಗೆ ನೋಡ್ತಾರೆ. ಆದರೆ ಮೂತ್ರ ಕಡೆದು ನೊರೆ ನೋಡೋದು ಅವರ ವಿಶೇಷ.

ಈಗ ನನ್ನ ಕೆಲಸದ ಮಾತು. ಎರಡು ತಿಂಗಳ ಉಬ್ಬರಕ್ಕೆ ಹೆಚ್. ಪೈಲೋರಿ, ಅಂದರೆ ಜಠರದಲ್ಲಿ ಸೇರಿಕೊಳ್ಳುವ ಒಂದು ಬ್ಯಾಕ್ಟೀರಿಯಾ, ಅದರ ಪರೀಕ್ಷೆ ಆಗಲೇಬೇಕು. ಊದಿ ಮಾಡುವ ಟೆಸ್ಟ್, ನೋವಿಲ್ಲ. ಆದರೆ ಗ್ಯಾಸ್ ಮಾತ್ರೆ ಎರಡು ವಾರ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರನ್ನು ಕೇಳಿ ನಿಲ್ಲಿಸಿ. ಮಲ ಕಪ್ಪಗಾಗಿದ್ದರೆ, ತೂಕ ಇಳಿದಿದ್ದರೆ, ನುಂಗೋಕೆ ಕಷ್ಟ ಆದರೆ ಕಾಯಬೇಡಿ, ಎಂಡೋಸ್ಕೋಪಿ ಮಾಡಿಸಿ.

ವಿರಾಜಪೇಟೆಯವ:
ಸಿಸ್ಟರ್ ಹೇಳಿದ್ದೇ ಸರಿ. ಅಲ್ಲಿವರೆಗೆ ಖರ್ಚಿಲ್ಲದ್ದು ಒಂದು: ಮಂಡಿ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು, ಮುಂಗಾಲೆಲುಬಿನಿಂದ ಹೊರಗೆ ಒಂದು ಬೆರಳು ಬಿಟ್ಟು ಒತ್ತಿ. ಝುಸಾನ್ಲಿ ಅಂತ ಹೆಸರು. ಹೊಟ್ಟೆಗೆ ಅವರು ಮೊದಲು ಹಿಡಿಯೋದು ಅದನ್ನೇ. ವಾಸಿ ಆಗುತ್ತೆ ಅಂತ ಹೇಳ್ತಿಲ್ಲ, ನನಗೆ ಹಿತ ಅನಿಸಿತ್ತು ಅಷ್ಟೆ. ಕಿತ್ತಳೆ ಸಿಪ್ಪೆಯನ್ನು ಅಲ್ಲಿ ಮೂರು ವರ್ಷ ಇಟ್ಟು ಹಳತು ಮಾಡಿ ಟೀಗೆ ಹಾಕ್ತಾರೆ. ನಮ್ಮ ಕೊಡಗಿನ ಕಿತ್ತಳೆಯಲ್ಲೂ ಮಾಡಿ ನೋಡಬಹುದು ಅಲ್ವಾ?

ತೋಟದಮನೆ, ಮಾದಾಪುರ:
ಮೂರು ವರ್ಷಾನಾ? ಇಲ್ಲಿ ಆಗಸ್ಟಲ್ಲಿ ಮೂರು ದಿನ ಬಿಟ್ಟರೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ.

ಎರಡು ದಿನ ಕಾಫಿಗೆ ಮೊದಲು ನಾಲಿಗೆ ಫೋಟೋ ತೆಗೆದೆ. ಬೆಳ್ಳಗೇ ಇದೆ! ಪುಡಿಯವರಿಗೆ ಫೋನ್ ಮಾಡಿದೆ, "ಅದೆಲ್ಲ ನಿಮಗೆ ಗೊತ್ತಾಗಲ್ಲ" ಅಂದರು. ಪೊಟ್ಟಣ ಒಲೆ ಪಾಲಾಯ್ತು. ತೂಕ ಇಳಿದಿಲ್ಲ, ಮಲ ಕಪ್ಪಾಗಿಲ್ಲ. ಡಾಕ್ಟರ್ ಮಾತ್ರೆ ನಿಲ್ಲಿಸಿದ್ದಾರೆ, ಊದೋ ಟೆಸ್ಟ್‌ಗೆ ಇನ್ನು ಹನ್ನೆರಡು ದಿನ ಇದೆ. ಅಲ್ಲಿವರೆಗೆ ಪಂದಿಕರಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೀನಿ, ಯಜಮಾನರಿಗೆ ಇನ್ನೂ ಹೇಳಿಲ್ಲ.