ಫ್ಯಾಟ್ ಬೈಕ್ ಟಯರ್: ಅಗಲ ಎಷ್ಟಿರಬೇಕು, ಗಾಳಿ ಎಷ್ಟಿರಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಮಿನ್ನಿಯಾಪೊಲಿಸ್. ಸೆಕೆಂಡ್ ಹ್ಯಾಂಡ್ ಫ್ಯಾಟ್ ಬೈಕ್ (ದಪ್ಪ ಟಯರಿನ ಸೈಕಲ್) ತಗೊಂಡಿದೀನಿ. 26 ಇಂಚಿನ ಚಕ್ರ, 80 ಮಿ.ಮೀ. ರಿಮ್, 4 ಇಂಚಿನ ಟಯರ್, ಒಳಗೆ ಟ್ಯೂಬ್. ನನ್ನ ತೂಕ 78 ಕೆ.ಜಿ. ಬೇಸಿಗೆಯಲ್ಲಿ ಮಣ್ಣಿನ ಟ್ರೇಲ್ ಮೇಲೆ ಚೆಂಡಿನ ಹಾಗೆ ಪುಟಿಯುತ್ತಿತ್ತು. ಈಗ ಥಿಯೊಡೋರ್ ವರ್ತ್ ಪಾರ್ಕಿನ ಹಿಮದಲ್ಲಿ ಹಿಂದಿನ ಚಕ್ರ ಹೂತುಹೋಗುತ್ತೆ. ಗಾಳಿ 15 ಪಿಎಸ್‌ಐ ಇಡ್ತೀನಿ. 4.8 ಇಂಚಿನ ಟಯರ್ ಹಾಕಿಸಲಾ? ಸ್ಟಡ್ (ಲೋಹದ ಮೊಳೆ) ಇರೋದೇ ಬೇಕಾ?

ಉತ್ತರ: ದುಡ್ಡು ಬಿಚ್ಚೋ ಮೊದಲು ಗಾಳಿ ಬಿಡಿ. ನಿಮ್ಮ ಎರಡು ತಾಪತ್ರಯಕ್ಕೂ ಮೂಲ ಆ 15 ಪಿಎಸ್‌ಐ. ಇಷ್ಟು ದಪ್ಪ ಟಯರ್ ಅಂದರೆ ಸ್ಪ್ರಿಂಗ್ ಇದ್ದ ಹಾಗೆ, ಆದರೆ ಅದನ್ನು ತಡೆಯೋ ಡ್ಯಾಂಪರ್ ಇಲ್ಲ. ಬಿಗಿಯಾಗಿ ತುಂಬಿಸಿದರೆ ಪ್ರತಿ ಬೇರಿಗೂ ನಿಮ್ಮನ್ನು ಎತ್ತಿ ಹಾಕುತ್ತೆ. ಹಿಮದ ಮೇಲೆ ಅದೇ ಬಿಗಿ ಟಯರ್ ನೆಲಕ್ಕೆ ಹರಡಿಕೊಳ್ಳದೆ ಚಾಕುವಿನ ಹಾಗೆ ಕೆಳಗಿಳಿಯುತ್ತೆ.

ನಿಮ್ಮ ತೂಕಕ್ಕೆ, 4 ಇಂಚಿಗೆ, ಹೀಗೆ ಶುರು ಮಾಡಿ. ಒಣ ಮಣ್ಣಿನ ಟ್ರೇಲ್‌ಗೆ ಹಿಂದೆ 10, ಮುಂದೆ 9. ಬೇರು, ಚೂಪು ಕಲ್ಲು ಜಾಸ್ತಿ ಇದ್ದರೆ ಇನ್ನೊಂದು ಸೇರಿಸಿ, ಇಲ್ಲದಿದ್ದರೆ ರಿಮ್‌ಗೆ ಸಿಕ್ಕಿ ಟ್ಯೂಬ್ ಕಚ್ಚಿಹೋಗುತ್ತೆ. ಗ್ರೂಮ್ ಮಾಡಿ, ಅಂದರೆ ಒತ್ತಿ ಸಮ ಮಾಡಿ, ಗಟ್ಟಿಯಾದ ಹಿಮಕ್ಕೆ ಹಿಂದೆ 5ರಿಂದ 6, ಮುಂದೆ ಅದಕ್ಕಿಂತ ಅರ್ಧ ಅಥವಾ ಒಂದು ಕಡಿಮೆ. ರಾತ್ರಿ ನಾಲ್ಕು ಬೆರಳು ಹೊಸ ಹಿಮ ಬಿದ್ದಿದ್ದರೆ 3ರಿಂದ 4. ಅದಕ್ಕೂ ಸಡಿಲ ಇದ್ದರೆ 2ರವರೆಗೆ ಇಳಿಸಬಹುದು. ಸೀಟಿನ ಮೇಲೆ ಕೂತಾಗ ಟಯರಿನ ಪಕ್ಕದಲ್ಲಿ ಸಣ್ಣ ಸುಕ್ಕು ಕಂಡರೆ ಸರಿಯಾದ ಜಾಗಕ್ಕೆ ಬಂದಿದೀರಿ ಅಂತ ಅರ್ಥ. ಆಮೇಲೆ ನಿಮ್ಮ ಕೈಗೆ ಹೊಂದೋ ಹಾಗೆ ಅರ್ಧರ್ಧ ಪಿಎಸ್‌ಐ ಬದಲಿಸಿ ನೋಡಿ. ಇಲ್ಲಿ ಅರ್ಧ ಅನ್ನೋದು ದೊಡ್ಡ ಅಳತೆ.

ಅದಕ್ಕೇ ಪಂಪಿನ ಗೇಜ್ ನಂಬಬೇಡಿ. 160ರವರೆಗೆ ಓದೋ ಮುಳ್ಳಿಗೆ 4 ಯಾವುದು, 7 ಯಾವುದು ಗೊತ್ತಾಗಲ್ಲ. 0ಯಿಂದ 15ರವರೆಗಿನ ಬೇರೆ ಗೇಜ್ ತಗೊಳ್ಳಿ. ಹೊಸ ಟಯರಿಗಿಂತ ಅದೇ ಮೊದಲು.

ಚಳಿಯ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಮನೆಯೊಳಗೆ 20 ಡಿಗ್ರಿಯಲ್ಲಿ 5 ಪಿಎಸ್‌ಐ ಹಾಕಿ, ಹೊರಗೆ ಮೈನಸ್ 20ಕ್ಕೆ ಒಯ್ದರೆ ಉಳಿಯೋದು ಸುಮಾರು 2.3. ಕುಗ್ಗೋದು ಗೇಜ್ ತೋರಿಸೋ 5 ಮಾತ್ರ ಅಲ್ಲ. ಅದರ ಜೊತೆಗಿರೋ ವಾತಾವರಣದ 14.7 ಕೂಡ ಸೇರಿ ಒಟ್ಟು ಒತ್ತಡ ಕುಗ್ಗುತ್ತೆ, ನಷ್ಟ ಪೂರ್ತಿ ಆ 5ರ ತಲೆ ಮೇಲೆ ಬೀಳುತ್ತೆ. ಅಂಥ ದಿನ ಹೊರಗೆ 5 ಬೇಕಿದ್ದರೆ ಒಳಗೆ 8 ಹಾಕಿ. ಇನ್ನೂ ವಾಸಿ ಅಂದರೆ ಬೈಕನ್ನು ಅರ್ಧ ಗಂಟೆ ಹೊರಗಿಟ್ಟು, ಟ್ರೇಲ್ ಶುರುವಾಗೋ ಕಡೆ ಅಳೆದುಕೊಳ್ಳಿ.

ಇನ್ನು 4.8. ಮೊದಲು ಫ್ರೇಮಿನಲ್ಲಿ ಜಾಗ ಇದೆಯಾ ನೋಡಿ. ಹಿಂದಿನ ಹಬ್ (ಚಕ್ರದ ನಡುಭಾಗ) 170 ಮಿ.ಮೀ. ಇರೋ ಹಳೇ ಫ್ರೇಮುಗಳಲ್ಲಿ ಸಾಮಾನ್ಯವಾಗಿ 4 ಇಂಚಿಗೇ ಜಾಗ ಮುಗಿಯುತ್ತೆ. ಟಯರಿನ ಎರಡೂ ಪಕ್ಕ ಕನಿಷ್ಠ 5 ಮಿ.ಮೀ. ಸಂದು ಬೇಕು, ಇಲ್ಲದಿದ್ದರೆ ಹಿಮ ಕಟ್ಟಿಕೊಂಡು ಪೇಂಟ್ ಉಜ್ಜಿಹಾಕುತ್ತೆ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿ, ಅದು ಟಯರಿಗೆ ತಾಗುತ್ತಾ ಅಂತಲೂ ನೋಡಿ. ಫೋರ್ಕಿನಲ್ಲಿ ಸಾಮಾನ್ಯವಾಗಿ ಜಾಗ ಜಾಸ್ತಿ ಇರುತ್ತೆ, ಹಾಗಾಗಿ ಮುಂದೆ ಮಾತ್ರ 4.8 ಹಾಕಿಕೊಳ್ಳೋರು ಬಹಳ ಜನ.

ಹಿಂದಿನ ಚಕ್ರ ಹೂತುಹೋಗದೆ ಬರೀ ಗಿರಕಿ ಹೊಡೆಯುತ್ತಿದ್ದರೆ ನೋಡಬೇಕಾದ್ದು ಅಗಲ ಅಲ್ಲ, ಟಯರಿನ ಮೇಲಿರೋ ರಬ್ಬರ್ ಹಲ್ಲು. ಶ್ವಾಲ್ಬೆ ಜಂಬೋ ಜಿಮ್‌ನಂಥ ಗಿಡ್ಡ ಹಲ್ಲಿನವು ಗಟ್ಟಿ ಹಿಮದಲ್ಲಿ ಹಗುರವಾಗಿ ಓಡುತ್ತವೆ, ಸಡಿಲ ಹಿಮದಲ್ಲಿ ಕೈಕೊಡುತ್ತವೆ. ಸರ್ಲಿ ಕಂಪನಿ ಮುಂದಕ್ಕೆ ಬಡ್, ಹಿಂದಕ್ಕೆ ಲೂ ಅಂತ ಬೇರೆಬೇರೆ ಮಾಡಿದ್ದೇ ಇದಕ್ಕೆ. ಲೂ ಟಯರಿನ ಅಡ್ಡ ಹಲ್ಲು ದೋಣಿಯ ಹುಟ್ಟಿನ ಹಾಗೆ ಹಿಮವನ್ನು ಹಿಂದಕ್ಕೆ ತಳ್ಳುತ್ತೆ, ಬಡ್ ಪಕ್ಕಕ್ಕೆ ಜಾರದ ಹಾಗೆ ಹಿಡಿಯುತ್ತೆ.

ಸ್ಟಡ್ ಬೇಕಾಗೋದು ಐಸ್‌ಗೆ, ಹಿಮಕ್ಕಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟೋ ಮಾರ್ಚ್‌ನಲ್ಲಿ ಬೇಕೇಬೇಕು. ಒಂದಕ್ಕೇ ದುಡ್ಡಿದ್ದರೆ ಮುಂದಿನ ಚಕ್ರಕ್ಕೆ ಹಾಕಿಸಿ. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದ ಮೇಲೇ ಗೊತ್ತಾಗೋದು. ಹೊಸ ಸ್ಟಡ್ ಟಯರನ್ನು ಮೊದಲ 40–50 ಕಿ.ಮೀ. ಟಾರ್ ರಸ್ತೆಯಲ್ಲಿ, ಗಾಳಿ ಸ್ವಲ್ಪ ಜಾಸ್ತಿ ಇಟ್ಟು, ಜೋರು ಬ್ರೇಕ್ ಹಿಡಿಯದೆ ಓಡಿಸಿ. ಸ್ಟಡ್‌ಗಳು ಗುಳಿಯಲ್ಲಿ ಕೂರಬೇಕು, ಇಲ್ಲದಿದ್ದರೆ ಉದುರುತ್ತವೆ.

ಮರುಪ್ರಶ್ನೆ: 5ಕ್ಕೆ ಇಳಿಸಿದೆ ಸರ್, ಹಿಮದಲ್ಲಿ ಅದ್ಭುತ. ಆದರೆ ಮನೆಯಿಂದ ಪಾರ್ಕಿಗೆ ಹೋಗೋ ಟಾರ್ ರಸ್ತೆಯಲ್ಲಿ ಹ್ಯಾಂಡಲ್ ತಾನೇ ಒಂದು ಕಡೆ ಎಳೆಯುತ್ತೆ. ಹಿಂದಿನ ಟ್ಯೂಬಿನ ವಾಲ್ವ್ ಕೂಡ ಓರೆಯಾಗಿದೆ.

ಉತ್ತರ: ಹ್ಯಾಂಡಲ್ ಎಳೆಯೋದು ರೋಗ ಅಲ್ಲ. ಗಟ್ಟಿ ನೆಲದಲ್ಲಿ ಮೆತ್ತಗಿನ ಅಗಲ ಟಯರ್ ಸ್ವಲ್ಪ ವಾಲಿದರೂ ಆ ಕಡೆಗೇ ತಿರುಗುತ್ತೆ. ರಸ್ತೆಯಲ್ಲಿ 12 ಇಟ್ಟು, ಟ್ರೇಲ್‌ಗೆ ಬಂದ ಮೇಲೆ ಗಾಳಿ ಬಿಡಿ. ವಾಪಸ್ ಬರೋಕೆ ಸಣ್ಣ ಪಂಪ್ ಬೇಕು. ಇಷ್ಟು ದೊಡ್ಡ ಟಯರಿಗೆ ನೂರಾರು ಸಲ ಹೊಡೀಬೇಕು, ಚಳಿ ಬಿಟ್ಟೋಗುತ್ತೆ ಬಿಡಿ.

ವಾಲ್ವ್ ಮಾತ್ರ ಇವತ್ತೇ ನೋಡಿ. ಗಾಳಿ ಕಡಿಮೆ ಇದ್ದಾಗ ಟಯರ್ ರಿಮ್ ಮೇಲೆ ಜರುಗುತ್ತೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತೆ, ಕೊನೆಗೆ ವಾಲ್ವ್ ಬುಡದಲ್ಲಿ ಹರಿಯುತ್ತೆ. ಆ ಹರುಕಿಗೆ ಪ್ಯಾಚ್ ನಿಲ್ಲಲ್ಲ. ಪೂರ್ತಿ ಗಾಳಿ ಬಿಟ್ಟು, ಟಯರನ್ನು ಹಿಂದಕ್ಕೆ ತಿರುಗಿಸಿ ವಾಲ್ವ್ ನೆಟ್ಟಗೆ ಮಾಡಿ, ಅದರ ಹೊರಗಿನ ನಟ್ ತೆಗೆದಿಡಿ. ನಟ್ ಇಲ್ಲದಿದ್ದರೆ ವಾಲಿದ್ದು ಬೇಗ ಕಾಣುತ್ತೆ. ಮುಂದೆ ಟ್ಯೂಬ್‌ಲೆಸ್ ಮಾಡಿಸಿದರೆ ಈ ಕಾಟವೇ ಇಲ್ಲ. ರಿಮ್ ಟೇಪ್ ಸರಿಯಾಗಿ ಅಂಟಿರಬೇಕು, ಒಂದೊಂದು ಟಯರಿಗೆ 150 ಮಿ.ಲೀ. ಸೀಲೆಂಟ್ (ತೂತು ಮುಚ್ಚೋ ದ್ರವ) ಬೇಕು. ಎಷ್ಟು ಚಳಿಗೆ ತಡೆಯುತ್ತೆ ಅಂತ ಬಾಟಲಿ ಮೇಲೆ ಓದಿಕೊಂಡೇ ತಗೊಳ್ಳಿ.

ಇನ್ನೊಬ್ಬರ ಪ್ರಶ್ನೆ: ನಾನು ಬೆಂಗಳೂರಲ್ಲಿ ಸ್ಟೀಲ್ ಫ್ರೇಮಿನ 26x4 ಓಡಿಸ್ತೀನಿ. ಟಾರ್ ರಸ್ತೆಯಲ್ಲಿ ತುಳಿದು ತುಳಿದು ಸಾಕಾಗುತ್ತೆ. 10 ಪಿಎಸ್‌ಐ ಇದೆ.

ಉತ್ತರ: ನಿಮಗೆ ಉಲ್ಟಾ ಔಷಧಿ. 18–20ಕ್ಕೆ ಏರಿಸಿ, ಟಯರಿನ ಪಕ್ಕದಲ್ಲಿ ಬರೆದಿರೋ ಮಿತಿ ಮಾತ್ರ ದಾಟಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಹಾಕಿಸಿದರೆ ಪಕ್ಕದಲ್ಲೇ ನಿಂತು ನೋಡಿ, ಅವರ ಕೈ ಕಾರಿನ ಲೆಕ್ಕಕ್ಕೇ ಹೋಗುತ್ತೆ.